ಬೀದಿಯಲ್ಲಿ ಚೀಲ ಹೊತ್ತು ಬರುವ ಅಕ್ಕನಿಗೆ ಏನು ಮಾಡಬಹುದು? ಒಬ್ಬ ರಿಟೈರ್ಡ್ ಕ್ಯಾಷಿಯರ್ ಲೆಕ್ಕ

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕ್ಯಾಷಿಯರ್ ಕೆಲಸ ಮಾಡಿದವಳು ನಾನು. ಸಂಜೆ ಲೆಕ್ಕ ಕೂಡಿಸುವಾಗ ಹತ್ತು ರೂಪಾಯಿ ಕಮ್ಮಿ ಬಂದರೂ ಸರಿ, ಎಲ್ಲಿ ಸೋರಿತು ಅಂತ ಸಿಗುವ ತನಕ ಮನೆಗೆ ಹೊರಡುವ ಹಾಗಿರಲಿಲ್ಲ. ರಿಟೈರ್ ಆದ ಮೇಲೂ ಆ ಚಾಳಿ ಬಿಟ್ಟಿಲ್ಲ.

ಬನಶಂಕರಿ ಮೂರನೇ ಹಂತದ ನಮ್ಮ ಬೀದಿಗೆ ಬೆಳಿಗ್ಗೆ ಆರರ ಹೊತ್ತಿಗೆ ಒಬ್ಬ ಹೆಂಗಸು ಚಿಂದಿ ಆಯಲು ಬರುತ್ತಾರೆ. ಹೆಗಲ ಮೇಲೆ ದೊಡ್ಡ ಬಿಳಿ ಚೀಲ, ಕೈಯಲ್ಲಿ ತುದಿ ಬಗ್ಗಿಸಿದ ಕಬ್ಬಿಣದ ಕಡ್ಡಿ. ವಯಸ್ಸಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು. ಆದರೂ ಬೀದಿಯವರೆಲ್ಲ ಅಕ್ಕ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಮೊದಲ ಒಂದು ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಯುಗಾದಿಗೆ ಒಂದು ಸೀರೆ, ಆಗಾಗ ಮಿಕ್ಕ ಚಿತ್ರಾನ್ನ, ಮಳೆಗಾಲಕ್ಕೆ ಒಂದು ಕೊಡೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಡ್ಡಿ ಇರುವವರು ಕೊಡೆ ಯಾವ ಕೈಯಲ್ಲಿ ಹಿಡೀತಾರೆ ಅಂತ ನನಗೆ ಹೊಳೆಯಲೇ ಇಲ್ಲ.

ಒಂದು ದಿನ ಸುಮ್ನೆ ಗೇಟಿನ ಮೆಟ್ಟಿಲ ಮೇಲೆ ಕೂತು ಅವರ ದಿನದ ಲೆಕ್ಕ ಕೇಳಿದೆ. ಎಷ್ಟು ಕೆಜಿ ಆಯ್ದಿರಿ, ಎಷ್ಟು ಸಿಕ್ಕಿತು, ಸಿಕ್ಕಿದ್ದು ಎಲ್ಲಿ ಹೋಯಿತು ಅಂತ. ಅಕ್ಕನ ದುಡಿಮೆಯಲ್ಲಿ ಏನೂ ಕಮ್ಮಿ ಇರಲಿಲ್ಲ. ಸೋರಿಕೆ ಜಾಸ್ತಿ ಇತ್ತು. ನಾವು ಒದ್ದೆ ಮಾಡಿ ಎಸೆದ ರಟ್ಟಿನಲ್ಲಿ ಸ್ವಲ್ಪ ಹೋಗುತ್ತಿತ್ತು. ಗುಜರಿ ಅಂಗಡಿಯ ತಕ್ಕಡಿಯಲ್ಲಿ ಸ್ವಲ್ಪ, ವಿಂಗಡಿಸಲು ಜಾಗ ಇಲ್ಲದೆ ಸ್ವಲ್ಪ, ಜ್ವರ ಬಂದ ದಿನ ಒಂದಿಷ್ಟು, ಕಾಗದಪತ್ರ ಸರಿ ಇಲ್ಲದೆ ಇನ್ನಷ್ಟು. ಆ ತೂತುಗಳನ್ನು ಒಂದೊಂದಾಗಿ ಮುಚ್ಚಲು ಹೋಗಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಬೀದಿಗೂ ಇಂಥವರು ಯಾರಾದರೂ ಬಂದೇ ಬರುತ್ತಾರೆ.

ಯಾರು ಅಂತ ತಿಳಿದುಕೊಳ್ಳಿ, ಆಮೇಲೆ ಮಾತಾಡಿಸಿ

ಪೌರಕಾರ್ಮಿಕರು ಬೇರೆ, ಇವರು ಬೇರೆ. ಬೀದಿ ಗುಡಿಸುವ ಪೌರಕಾರ್ಮಿಕರಿಗೆ ತಿಂಗಳ ಸಂಬಳ ಇದೆ. ಮನೆಮನೆಯ ಕಸ ಒಯ್ಯುವ ಆಟೋ ಟಿಪ್ಪರ್‌ನವರಿಗೂ ಗುತ್ತಿಗೆದಾರರ ಕಡೆಯಿಂದ ಏನೋ ಒಂದು ಬರುತ್ತದೆ. ಚಿಂದಿ ಆಯುವವರಿಗೆ ಯಾರೂ ಏನೂ ಕೊಡಲ್ಲ. ಆಯ್ದು, ವಿಂಗಡಿಸಿ, ಹೊತ್ತುಕೊಂಡು ಹೋಗಿ ಮಾರಿದ್ದೇ ಕೂಲಿ. ಅಂದರೆ ನಮ್ಮ ಮನೆಯ ಕಸ ಎಷ್ಟು ಚೆನ್ನಾಗಿದೆಯೋ ಅವರ ಕೂಲಿ ಅಷ್ಟು.

ಇವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ ಅಂತ ನಾನೂ ಅಂದುಕೊಂಡಿದ್ದೆ. ತಪ್ಪು. 2011ರಲ್ಲೇ ಆಗಿನ ಬೆಂಗಳೂರು ಪಾಲಿಕೆ ಬಿಬಿಎಂಪಿ ಇವರಿಗೆ ವೃತ್ತಿಯ ಗುರುತಿನ ಚೀಟಿ ಕೊಡಲು ಶುರು ಮಾಡಿತು. 2016ರ ಘನತ್ಯಾಜ್ಯ ನಿಯಮಗಳು ಇವರನ್ನು ಗುರುತಿಸಿ, ನೋಂದಾಯಿಸಿ, ಕಸದ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಿ ಅಂತ ಪಾಲಿಕೆಗಳಿಗೆ ಹೇಳಿದವು. ಪುಣೆಯಲ್ಲಿ 1993ರಲ್ಲೇ ಇವರ ಸಂಘಟನೆ ಹುಟ್ಟಿ, ಮುಂದೆ ಅದರಿಂದ ‘ಸ್ವಚ್ಛ್’ ಅನ್ನುವ ಸಹಕಾರ ಸಂಘ ಆಯಿತು. ಅಲ್ಲಿ ಕಸ ಆಯುತ್ತಿದ್ದವರೇ ಮನೆಮನೆಗೆ ಹೋಗಿ ಕಸ ತೆಗೆದುಕೊಳ್ಳುತ್ತಾರೆ, ಮನೆಯವರು ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ನಮ್ಮ ಊರಲ್ಲೂ ಒಣ ಕಸ ಸಂಗ್ರಹಣಾ ಕೇಂದ್ರಗಳನ್ನು ನಡೆಸುತ್ತಿರುವ ಎಷ್ಟೋ ಜನ ಮೊದಲು ಚೀಲ ಹೊತ್ತವರೇ.

ಮಾತಾಡಿಸುವ ರೀತಿ ಬಗ್ಗೆ ಒಂದು ಮಾತು. “ಏಯ್, ಇಲ್ಲಿ ಬಾ” ಅಂತ ಕರೆಯುವುದನ್ನು ನಿಲ್ಲಿಸಿ. ಅಕ್ಕ, ಅಣ್ಣ, ಅಮ್ಮ ಅನ್ನಿ, ಬಹುವಚನ ಬಳಸಿ. ಊರು ಯಾವುದು, ಯಾವ ಜನ, ಗಂಡ ಏನು ಮಾಡ್ತಾನೆ ಅನ್ನೋದು ಮೊದಲ ದಿನವೇ ಬೇಡ. ಫೋಟೋ ಅಂತೂ ಬೇಡವೇ ಬೇಡ. ಎಷ್ಟು ಹೊತ್ತಿಗೆ ಬರ್ತೀರಿ, ಯಾವ ಅಂಗಡಿಗೆ ಹಾಕ್ತೀರಿ, ನಮ್ಮ ಮನೆಯಿಂದ ಯಾವುದು ಬೇಕು, ಯಾವುದು ಬೇಡ ಅಂತ ಕೇಳಿ. ಮೂರು ದಿನ ಬರೀ ಕೇಳಿಸಿಕೊಳ್ಳಿ. ನಾನು ಕೇಳದೆ ಕೆಲಸ ಶುರು ಮಾಡಿ ಏನಾಯಿತು ಅಂತ ಮುಂದೆ ಹೇಳ್ತೀನಿ.

ಒಣ ಕಸ ಒಣಗಿರಲಿ

ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಲೇಬೇಕು ಅಂತ ಹೈಕೋರ್ಟ್ ಹೇಳಿದ್ದು 2012ರಲ್ಲಿ. 2015ರ ಡಿಸೆಂಬರ್‌ನಲ್ಲಿ ಎರಡು ಬಕೆಟ್, ಒಂದು ಚೀಲದ ಪದ್ಧತಿ ಬಂತು. ಹಸಿರು ಬಕೆಟ್ಟಿಗೆ ಹಸಿ ಕಸ, ಕೆಂಪು ಬಕೆಟ್ಟಿಗೆ ಪ್ಯಾಡು, ಡೈಪರ್, ಗಾಯದ ಬ್ಯಾಂಡೇಜು, ಚೀಲಕ್ಕೆ ಒಣ ಕಸ. ಇದು ಎಲ್ಲರಿಗೂ ಗೊತ್ತು. ಒಣ ಕಸದ ಚೀಲಕ್ಕೆ ಅರ್ಧ ಲೋಟ ಉಳಿದ ಜ್ಯೂಸ್ ಬಾಟಲಿ ಹಾಕಿದರೆ ಮಾತ್ರ ಪೂರಾ ಚೀಲವೇ ಕೆಟ್ಟಂತೆ. ಒದ್ದೆಯಾದ ರಟ್ಟನ್ನು ಗುಜರಿ ಅಂಗಡಿಯವನು ತೂಕದಲ್ಲಿ ಮುರೀತಾನೆ, ಇಲ್ಲಾ ತಗೊಳ್ಳೋದೇ ಇಲ್ಲ.

ನಮ್ಮ ಮನೆಯಲ್ಲಿ ಈಗ ಹೀಗೆ ಮಾಡ್ತೀವಿ. ಹಾಲಿನ ಕವರ್ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಲ್ಲ, ಅಂಟಿಕೊಂಡೇ ಇರಲಿ ಅಂತ ಬಿಡ್ತೀವಿ. ಆ ಚೂರು ಬಿದ್ದರೆ ಅದನ್ನು ಯಾರೂ ಆಯಲ್ಲ, ಸೀದಾ ಚರಂಡಿಗೆ. ಕವರನ್ನು ಪಾತ್ರೆ ತೊಳೆದ ನೀರಲ್ಲೇ ಅಲ್ಲಾಡಿಸಿ ಸಿಂಕಿನ ಮೇಲೆ ಕ್ಲಿಪ್ಪಿಗೆ ಸಿಕ್ಕಿಸ್ತೀವಿ. ಆನ್‌ಲೈನ್ ಪಾರ್ಸೆಲ್ ಡಬ್ಬದ ಟೇಪು ಕಿತ್ತು, ಡಬ್ಬ ಚಪ್ಪಟೆ ಮಾಡಿ, ಗೋಡೆಗೆ ಒರಗಿಸಿ ಇಡ್ತೀವಿ. ಪೇಪರ್ ಮುದ್ದೆ ಮಾಡಲ್ಲ. ಎಣ್ಣೆ ಹಿಡಿದ ಪಿಜ್ಜಾ ಡಬ್ಬವನ್ನು ಯಾರೂ ತಗೊಳ್ಳಲ್ಲ, ಅದನ್ನು ಒಣ ಕಸಕ್ಕೆ ಸೇರಿಸಬೇಡಿ.

ಪ್ಯಾಡು, ಡೈಪರ್ ಎರಡನ್ನೂ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಲ್ಲಿ ದೊಡ್ಡ ಚುಕ್ಕೆ ಇಡಿ. ಪುಣೆಯಲ್ಲೂ ಇರುವ ಅಭ್ಯಾಸ ಇದು. ಚುಕ್ಕೆ ಕಂಡರೆ ಒಳಗೆ ಏನಿದೆ ಅಂತ ಬಿಚ್ಚಿ ನೋಡುವ ಕೆಲಸ ತಪ್ಪುತ್ತದೆ. ನಮ್ಮ ಯಜಮಾನರು ಇನ್ಸುಲಿನ್ ತಗೋತಾರೆ. ಸೂಜಿಗಳನ್ನು ಮೊದಲು ಹಾಗೇ ಕೆಂಪು ಬಕೆಟ್ಟಿಗೆ ಹಾಕ್ತಿದ್ದೆವು. ಒಂದು ದಿನ ಅಕ್ಕ ತಮ್ಮ ಬಲಗೈ ಹೆಬ್ಬೆರಳು ತೋರಿಸಿದರು. ಯಾರ ಮನೆಯ ಸೂಜಿ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವತ್ತಿಂದ ದಪ್ಪ ಪ್ಲಾಸ್ಟಿಕ್ಕಿನ ಡಬ್ಬಿಗೆ ತುಂಬಿಸಿ, ಮುಚ್ಚಳ ಬಿಗಿದು, ಟೇಪು ಸುತ್ತಿ, ‘ಸೂಜಿ’ ಅಂತ ಬರೆದು ಬೇರೆಯಾಗಿ ಕಸ ತಗೊಳ್ಳುವವರ ಕೈಗೇ ಕೊಡ್ತೀವಿ. ಒಡೆದ ಗಾಜನ್ನು ರಟ್ಟಿನಲ್ಲಿ ಸುತ್ತಿ ಹಾಗೇ ಬರೆಯಿರಿ. ಬರೆದದ್ದನ್ನು ಓದಲು ಬರದಿದ್ದರೆ? ಪಕ್ಕದಲ್ಲಿ ಒಂದು ಗೀಟು ಹಾಕಿ, ಬಾಯಲ್ಲೂ ಹೇಳಿ.

ಒಣ ಕಸ ಯಾರಿಗೆ ಕೊಡಬೇಕು ಅನ್ನುವಲ್ಲಿ ಸಣ್ಣ ರಾಜಕೀಯ ಇದೆ. ಟಿಪ್ಪರ್‌ನವರೂ ಒಣ ಕಸ ಮಾರಿ ನಾಲ್ಕು ಕಾಸು ನೋಡ್ತಾರೆ. ನಾನು ಎಲ್ಲಾ ಅಕ್ಕನಿಗೇ ಕೊಟ್ಟಾಗ ಟಿಪ್ಪರ್ ಹುಡುಗ ಎರಡು ದಿನ ನಮ್ಮ ಹಸಿ ಕಸ ಬಿಟ್ಟು ಹೋದ. ಆಮೇಲೆ ಇಬ್ಬರನ್ನೂ ಗೇಟಿನ ಹತ್ತಿರ ನಿಲ್ಲಿಸಿ ಮಾತಾಡಿದೆ. ಬಾಟಲಿ, ಕವರ್ ಅಕ್ಕನಿಗೆ, ದಿನಪತ್ರಿಕೆ ಅವನಿಗೆ ಅಂತ ಆಯಿತು. ನ್ಯಾಯವಾಗಿ ಹಳೇ ಪೇಪರ್ ದುಡ್ಡು ನನ್ನದು. ಬಿಟ್ಟೆ.

ಕೈಗವಸಿನ ಕಥೆ

ಕೇಳದೆ ಮಾಡಿದ್ದರ ಕಥೆ ಇದು. ಸಿಟಿ ಮಾರ್ಕೆಟ್ಟಿಗೆ ಹೋಗಿ ದಪ್ಪ ರಬ್ಬರ್ ಕೈಗವಸು ಆರು ಜೊತೆ ತಂದು ಅಕ್ಕನಿಗೂ, ಅವರ ಜೊತೆಯವರಿಗೂ ಹಂಚಿದೆ. ಒಂದು ವಾರ ಆದರೂ ಯಾರ ಕೈಯಲ್ಲೂ ಇಲ್ಲ. ಮಾರಿಕೊಂಡಿರಬೇಕು ಅಂತ ನನ್ನ ಮನಸ್ಸಿಗೆ ಬಂದಿದ್ದು ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಕೇಳಿದ್ದಕ್ಕೆ ಅಕ್ಕ ಚೀಲದಿಂದ ಎರಡು ಕವರ್ ತೆಗೆದರು. ಒಂದನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿದರು. ಚರಚರ ಅಂತ ಸದ್ದು. “ಇದು ಪಿಪಿ.” ಇನ್ನೊಂದನ್ನು ಎರಡು ಕಡೆ ಹಿಡಿದು ಎಳೆದರು. ಅದು ಸದ್ದಿಲ್ಲದೆ ಹಿಗ್ಗಿತು. “ಇದು ಎಲ್‌ಡಿ. ಹಾಲಿನ ಕವರ್ ಜಾತಿ.” ಆಮೇಲೆ ನಾನು ಕೊಟ್ಟ ಕೈಗವಸು ತೊಟ್ಟು ಅದನ್ನೇ ಮಾಡಿ ತೋರಿಸಿದರು. ಬೆರಳು ದಪ್ಪ ಆಗಿ ಕವರ್ ಜಾರಿ ಕೆಳಗೆ ಬಿತ್ತು. “ಕೈಗೇ ಗೊತ್ತಾಗಲ್ಲ ಮೇಡಂ. ಎಲ್ಲಾ ಒಂದೇ ಥರ ಇರುತ್ತೆ. ಒಳಗೆ ಬೆವರು ಬೇರೆ.”

ಪಿಪಿ, ಎಲ್‌ಡಿ, ಪೆಟ್ ಬಾಟಲಿ, ಕಡಕ್ ಪ್ಲಾಸ್ಟಿಕ್, ರಟ್ಟು, ಬಿಳಿ ಪೇಪರ್, ತಗಡು, ಅಲ್ಯೂಮಿನಿಯಂ, ತಾಮ್ರ, ಎಲ್ಲದಕ್ಕೂ ಬೇರೆ ಬೇರೆ ರೇಟು. ಬೇರೆ ಮಾಡದೆ ಕೊಟ್ಟರೆ ಎಲ್ಲದಕ್ಕೂ ಅಗ್ಗದ ರೇಟೇ. ನಾವು ನೋಟು ಎಣಿಸುವಾಗ ನಕಲಿ ನೋಟು ಬೆರಳಿಗೇ ತಿಳಿಯುತ್ತಿತ್ತಲ್ಲ, ಅದೇ ವಿದ್ಯೆ ಇದು. ಕೈಗವಸು ತೊಟ್ಟು ನೋಟು ಎಣಿಸಿ ಅಂದಿದ್ದರೆ ನಾನು ಎಣಿಸುತ್ತಿದ್ದೆನಾ?

ಕೊಡುವುದಾದರೆ ಹತ್ತಿ ಬಟ್ಟೆಯ ಕೈಗವಸು, ಅಂಗೈ ಕಡೆ ಮಾತ್ರ ತೆಳ್ಳಗೆ ರಬ್ಬರ್ ಬಳಿದದ್ದು ಕೊಡಿ. ಮೇಲ್ಗಡೆ ಗಾಳಿ ಆಡುತ್ತದೆ. ಮೊದಲು ಎರಡು ಥರದ್ದು ಒಂದೊಂದು ಜೊತೆ ತಂದು, ಹಾಕಿ ನೋಡಿ ಹೇಳಿ ಅನ್ನಿ. ಆಯುವಾಗ ಹಾಕ್ತಾರೆ, ವಿಂಗಡಿಸುವಾಗ ತೆಗೀತಾರೆ. ಅದಕ್ಕೆ ಬೇಸರ ಮಾಡ್ಕೋಬೇಡಿ. ಪಾದ ಮುಚ್ಚುವ ಗಟ್ಟಿ ಅಟ್ಟೆಯ ಶೂ ಕೊಟ್ಟರೆ ಅದಕ್ಕಿಂತ ಉಪಯೋಗ. ಅಳತೆ ಕೇಳಿ ತನ್ನಿ.

ತಕ್ಕಡಿ

ನನಗೆ ಕೋಪ ಬಂದ ಜಾಗ ಇದು. ಒಂದು ದಿನ ನಮ್ಮ ಗೇಟಿನಲ್ಲೇ ಚೀಲ ತೂಗಿದೆವು. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗಲು ತಂದಿದ್ದ ಕೊಕ್ಕೆಯ ಡಿಜಿಟಲ್ ತಕ್ಕಡಿ ಮನೆಯಲ್ಲಿತ್ತು. ರಟ್ಟಿನ ಕಟ್ಟು 23 ಕೆಜಿ ಬಂತು. ಅಂಗಡಿಯಲ್ಲಿ 20. ಒದ್ದೆ ಅಂತ ಮುರಿದರಾ ಅಂದರೆ ಇಲ್ಲ, ಅವತ್ತು ರಟ್ಟು ಬಿಸಿಲಿಗೆ ಒಣಗಿ ಹಪ್ಪಳ ಆಗಿತ್ತು.

ಅಂಗಡಿಗೆ ಹೋಗಿ ಜಗಳ ಆಡೋಣ ಅಂತ ಹೊರಟೆ. ಅಕ್ಕ ಕೈ ಹಿಡಿದು ನಿಲ್ಲಿಸಿದರು. ಆ ಅಂಗಡಿಯವರ ಹತ್ತಿರ ಅವರಿಗೆ ಅಡ್ವಾನ್ಸ್ ಇತ್ತು. ಮಗಳ ಮದುವೆಗೆ ತಗೊಂಡ ಸಾಲ. ಸಾಲ ಇರುವ ತನಕ ಮಾಲು ಅಲ್ಲಿಗೇ ಹಾಕಬೇಕು, ಅವರು ಹೇಳಿದ್ದೇ ತೂಕ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಅಂದರೂ ಐನೂರು ಕೊಡುವವರು ಅವರೇ. ನಮ್ಮ ಬ್ಯಾಂಕು ಕೊಡ್ತಿತ್ತಾ? ಹಾಗಾಗಿ ಅಂಗಡಿಯವರನ್ನು ರಾಕ್ಷಸ ಅಂತ ಬರೆಯಲು ನನಗೆ ಮನಸ್ಸಿಲ್ಲ. ಅವರೂ ನಾಯಂಡಹಳ್ಳಿ ಕಡೆಯ ಗೋಡೌನಿನ ದೊಡ್ಡ ವ್ಯಾಪಾರಿಗಳಿಗೆ ಮಾರಬೇಕು, ಅಲ್ಲಿ ಅವರಿಗೂ ಮುರೀತಾರೆ.

ಜಗಳ ಬಿಟ್ಟು ಮಾಡಿದ್ದು ಹೀಗೆ. ಒಂದು ಕೆಜಿಯ ಉಪ್ಪಿನ ಪ್ಯಾಕೆಟ್ಟು ಐದು ತಗೊಂಡು, ಚೀಲದಲ್ಲಿ ಕಟ್ಟಿ, ಅಕ್ಕನ ಕೈಗೆ ಕೊಟ್ಟೆ. ಮಾಲಿನ ಜೊತೆ ತೂಗಿಸುವ ಮೊದಲು, “ಸ್ವಲ್ಪ ಇದನ್ನ ನೋಡಣ್ಣ, ರೇಷನ್ನಲ್ಲಿ ಸರಿಯಾಗಿ ಕೊಟ್ಟಿದ್ದಾರಾ ಅಂತ” ಅನ್ನಬೇಕು. ತಕ್ಕಡಿ 5 ತೋರಿಸದಿದ್ದರೆ ಎಲ್ಲರಿಗೂ ಕಾಣುತ್ತದೆ, ಯಾರ ಮೇಲೂ ಆರೋಪ ಇಲ್ಲ. ಎರಡನೇ ಸಲ ಉಪ್ಪು ತಗೊಂಡು ಹೋದಾಗ ಅಂಗಡಿಯವರು ನಕ್ಕು, ತಕ್ಕಡಿಯ ತಟ್ಟೆ ಸರಿ ಮಾಡಿದರಂತೆ. ವ್ಯಾಪಾರದ ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷ ಮಾಪನ ಇಲಾಖೆಯ ಮುದ್ರೆ ಬೀಳಬೇಕು, ಅದನ್ನು ನೋಡುವುದು ಗಿರಾಕಿಯ ಹಕ್ಕು. ಆದರೆ ದೂರು ಕೊಡುವ ತೀರ್ಮಾನ ಅಕ್ಕನದಾಗಿರಲಿ, ನಮ್ಮದಲ್ಲ. ನಾವು ಸಂಜೆ ಮನೆಗೆ ಹೋಗ್ತೀವಿ, ಅವರು ನಾಳೆ ಬೆಳಿಗ್ಗೆ ಅದೇ ಅಂಗಡಿಗೆ ಹೋಗಬೇಕು.

ಇನ್ನೊಂದು, ನಲವತ್ತು ಪುಟದ ನೋಟ್‌ಬುಕ್. ತಾರೀಖು, ಯಾವ ಮಾಲು, ಎಷ್ಟು ಕೆಜಿ, ರೇಟು, ಅಡ್ವಾನ್ಸಿಗೆ ಎಷ್ಟು ಹಿಡಿದರು. ಅಕ್ಕನಿಗೆ ಅಂಕಿ ಬರುತ್ತದೆ, ಅಕ್ಷರ ಬರಲ್ಲ. ಮಾಲಿನ ಹೆಸರಿನ ಬದಲು ಬಾಟಲಿ, ಡಬ್ಬ, ಕವರ್ ಅಂತ ಚಿತ್ರ ಬರೆದುಕೊಟ್ಟೆ. ಐದು ತಿಂಗಳ ಮೇಲೆ ಅಡ್ವಾನ್ಸ್ ಎಷ್ಟು ತೀರಿದೆ ಅಂತ ಅಂಗಡಿಯವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ 1,800 ರೂಪಾಯಿ ವ್ಯತ್ಯಾಸ ಬಂತು. ಪುಸ್ತಕ ತೋರಿಸಿದ್ದಕ್ಕೆ 1,200 ಬಿಟ್ಟರು. ಮಿಕ್ಕ ಆರುನೂರು ಇನ್ನೂ ನನ್ನ ತಲೆಯಲ್ಲಿ ಕೊರೀತಾ ಇದೆ.

ಜಾಗ, ನೀರು, ಶೌಚಾಲಯ

ಇದನ್ನು ಮೊದಲೇ ಬರೆಯಬೇಕಿತ್ತು. ಯಾಕೆಂದರೆ ದುಡ್ಡೇ ಖರ್ಚಾಗದ ಕೆಲಸ ಇದು, ಆದರೂ ಎಲ್ಲಕ್ಕಿಂತ ಕಷ್ಟ ಆಗಿದ್ದು ಇದೇ.

ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟ ಹೆಂಗಸು ಮಧ್ಯಾಹ್ನ ಒಂದರ ತನಕ ಬೀದಿಯಲ್ಲಿರುತ್ತಾರೆ. ಅಷ್ಟು ಹೊತ್ತು ಎಲ್ಲಿ ಹೋಗ್ತೀರಿ ಅಂತ ಕೇಳಿದೆ. “ನೀರೇ ಕುಡಿಯಲ್ಲ ಮೇಡಂ” ಅಂದರು. ಏಪ್ರಿಲ್ ಬಿಸಿಲಲ್ಲಿ! ಉರಿಮೂತ್ರ ಅವರಿಗೆ ಮಾಮೂಲಿ ಆಗಿಹೋಗಿತ್ತು. ತಿಂಗಳ ಆ ನಾಲ್ಕು ದಿನಗಳ ವಿಷಯ ಹೇಳಿದಾಗ ನಾನು ಮಾತಿಲ್ಲದೆ ಕೂತೆ.

ನಮ್ಮ ಅಪಾರ್ಟ್‌ಮೆಂಟ್ ಚಿಕ್ಕದು, ಹದಿನಾರು ಮನೆ. ವಾಚ್‌ಮನ್‌ಗೆ ಅಂತ ನೆಲಮಾಳಿಗೆಯಲ್ಲಿ ಒಂದು ಶೌಚಾಲಯ ಇದೆ. ಅದನ್ನು ಬಳಸಲಿ ಅಂತ ಮೀಟಿಂಗಿನಲ್ಲಿ ಎತ್ತಿದೆ. ಕಳ್ಳತನ ಆದರೆ ಯಾರು ಹೊಣೆ, ಗಲೀಜು ಆದರೆ ಯಾರು ತೊಳೀತಾರೆ, ಇವತ್ತು ಒಬ್ಬರು, ನಾಳೆ ಹತ್ತು ಜನ. ಒಂದೂವರೆ ಗಂಟೆ ಇದೇ ಆಯಿತು. ವಾದ ಮಾಡಿ ಗೆಲ್ಲಲು ಹೋಗಬೇಡಿ, ನಾನು ಸೋತೆ. ಮುಂದಿನ ಮೀಟಿಂಗಿಗೆ ಕಾಗದದಲ್ಲಿ ಬರೆದು ತಗೊಂಡು ಹೋದೆ: ಮೂರು ತಿಂಗಳಿಗೆ ಮಾತ್ರ, ಬೆಳಿಗ್ಗೆ ಆರರಿಂದ ಹನ್ನೊಂದು, ಗುರುತಿನ ಚೀಟಿಯ ಪ್ರತಿ ಆಫೀಸಿನಲ್ಲಿ, ಫಿನಾಯಿಲ್ ಖರ್ಚು ನನ್ನದು. ತಾತ್ಕಾಲಿಕ ಅಂದಿದ್ದಕ್ಕೆ ಒಪ್ಪಿದರು. ಮೂರು ತಿಂಗಳು ಮುಗಿದು ಎರಡು ವರ್ಷ ಆಗಿದೆ, ಯಾರಿಗೂ ನೆನಪಿಲ್ಲ. ನಾನೂ ನೆನಪಿಸಿಲ್ಲ.

ವಿಂಗಡಿಸುವ ಜಾಗವೂ ಹೀಗೇ ಸಿಕ್ಕಿತು. ಜನರೇಟರ್ ಹಿಂದೆ ಹತ್ತು ಅಡಿ ಉದ್ದ, ಆರು ಅಡಿ ಅಗಲ. ಮೇಲೆ ಒಂದು ಶೀಟು, ಕೆಳಗೆ ಹಳೇ ಫ್ಲೆಕ್ಸ್. ಹತ್ತಿರದಲ್ಲಿ ಒಂದು ನಲ್ಲಿ, ಒಂದು ಸೋಪು. ಮೊದಲು ಫುಟ್‌ಪಾತಿನ ಮೇಲೆ ಕೂತು ವಿಂಗಡಿಸುವಾಗ ಯಾರಾದರೂ ಓಡಿಸುತ್ತಿದ್ದರು, ಅರ್ಧಂಬರ್ಧ ಮಾಲನ್ನು ಹಾಗೇ ತುಂಬಿಕೊಂಡು ಹೋಗಬೇಕಿತ್ತು. ಈಗ ಒಂದೇ ಚೀಲದ ಬದಲು ಆರು ಚೀಲ ಆಗಿ ಹೋಗುತ್ತದೆ, ಆರಕ್ಕೂ ಬೇರೆ ರೇಟು. ನಿಮ್ಮಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಚಪ್ಪಡಿ ಕಲ್ಲಿನ ಮೇಲೆ ಒಂದು ಮಡಕೆ ನೀರು, ಒಂದು ಲೋಟ ಇಡಿ. ಬೇರೆ ಲೋಟ ಅಂತ ಮೂಲೆಯಲ್ಲಿ ಇಡುವ ಲೋಟದ ಬಗ್ಗೆ ನಾನು ಹೇಳ್ತಿಲ್ಲ, ಗೊತ್ತಾಯಿತಲ್ಲ?

ಕಾಗದಪತ್ರ: ಇದು ನನ್ನ ಇಲಾಖೆ

ಗುರುತಿನ ಚೀಟಿಯಿಂದ ಶುರು ಮಾಡಿ. ಬೆಳಗಿನ ಜಾವ ಕತ್ತಲಲ್ಲಿ ಚೀಲ ಹೊತ್ತವರನ್ನು ಬೀಟಿನ ಪೊಲೀಸರು ನಿಲ್ಲಿಸಿ ಕೇಳುತ್ತಾರೆ. ತೋರಿಸಲು ಒಂದು ಚೀಟಿ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬೆಂಗಳೂರಿನಲ್ಲಿ ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ ಆಗಿವೆ. ಹಾಗಾಗಿ ಯಾವ ಕೌಂಟರ್ ಅಂತ ಅಲೆಯುವ ಬದಲು ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರದಲ್ಲಿ ಕೇಳಿ, ಅಥವಾ ಈ ಕೆಲಸವನ್ನೇ ಮಾಡುವ ಹಸಿರು ದಳದಂಥ ಸಂಸ್ಥೆಯನ್ನು ಕೇಳಿ. ಕೇಂದ್ರ ಸರ್ಕಾರದ ‘ನಮಸ್ತೆ’ ಯೋಜನೆಗೂ 2024ರಲ್ಲಿ ಚಿಂದಿ ಆಯುವವರನ್ನು ಸೇರಿಸಿದ್ದಾರೆ. ಪಾಲಿಕೆಯವರು ಆ್ಯಪಿನಲ್ಲಿ ಎಣಿಕೆ ಮಾಡಿ ಹೆಸರು ಬರೆದುಕೊಂಡರೆ ಗುರುತಿನ ಚೀಟಿ, ಸುರಕ್ಷಾ ಸಾಮಾನು, ಆಯುಷ್ಮಾನ್ ಆರೋಗ್ಯ ರಕ್ಷಣೆ ಬರುತ್ತದೆ. ಎಣಿಕೆಯವರು ಬಂದ ದಿನ ಇವರು ಬೀದಿಯಲ್ಲಿರುತ್ತಾರೆ, ಶೆಡ್ಡಿನಲ್ಲಿ ಯಾರೂ ಸಿಗಲ್ಲ. ಯಾವತ್ತು ಬರ್ತಾರೆ ಅಂತ ಮೊದಲೇ ಕೇಳಿ ತಿಳಿಸಿ.

ಬ್ಯಾಂಕ್ ಖಾತೆ. ಅಕ್ಕನನ್ನು ಕರೆದುಕೊಂಡು ಹತ್ತಿರದ ಒಂದು ಶಾಖೆಗೆ ಹೋದೆ. ಬೆರಳಚ್ಚು ಯಂತ್ರ ಓದಲಿಲ್ಲ. ಗಾಜು, ತಂತಿ, ಆಸಿಡ್ ಬಾಟಲಿ ಮುಟ್ಟಿ ಮುಟ್ಟಿ ಬೆರಳಿನ ಗೆರೆಯೇ ಸವೆದಿತ್ತು. ಹುಡುಗ “ಆಗಲ್ಲ, ನೆಕ್ಸ್ಟ್” ಅಂದ. ನಾನು ಕೌಂಟರಿನ ಈ ಕಡೆ ನಿಂತು ಆ ಮಾತು ಕೇಳಿದ್ದು ಅವತ್ತೇ ಮೊದಲು. ಆ ಕಡೆ ಕೂತು ನಾನೂ ಎಷ್ಟು ಜನಕ್ಕೆ ಅಂದಿದ್ದೆನೋ.

ನೀವು ತಿಳಿದಿರಬೇಕಾದ್ದು: ಬೆರಳು ಓದದಿದ್ದರೆ ಆಧಾರ್ ಕಾಗದ ತೋರಿಸಿ, ಮಾಮೂಲಿ ಅರ್ಜಿ ತುಂಬಿಯೇ ಜನಧನ್ ಖಾತೆ ತೆರೆಯಬಹುದು. ಆಧಾರ್ ಕೇಂದ್ರದಲ್ಲಿ ಕಣ್ಣಿನ ಗುರುತಿನಿಂದಲೂ ತಿದ್ದುಪಡಿ ಮಾಡುತ್ತಾರೆ, ಕೇಳಬೇಕು ಅಷ್ಟೇ. ಯಾವ ದಾಖಲೆಯೂ ಇಲ್ಲದವರಿಗೆ ‘ಸಣ್ಣ ಖಾತೆ’ ಅಂತ ಇದೆ. ಒಂದು ಫೋಟೋ, ಅಧಿಕಾರಿಯ ಎದುರು ಹಾಕಿದ ಸಹಿ ಅಥವಾ ಹೆಬ್ಬೆಟ್ಟು ಸಾಕು. ಒಮ್ಮೆಗೆ 50,000ಕ್ಕಿಂತ ಜಾಸ್ತಿ ಇರಬಾರದು, ವರ್ಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಜಮಾ ಆಗಬಾರದು, ತಿಂಗಳಿಗೆ 10,000ಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ. ಹನ್ನೆರಡು ತಿಂಗಳೊಳಗೆ ದಾಖಲೆಗೆ ಅರ್ಜಿ ಹಾಕಿದ ರಸೀದಿ ತೋರಿಸಿದರೆ ಇನ್ನೊಂದು ವರ್ಷ ಸಿಗುತ್ತದೆ. ಕೌಂಟರಿನ ಹುಡುಗರಿಗೆ ಇದು ಗೊತ್ತಿರಲ್ಲ, ಮ್ಯಾನೇಜರ್ ಹತ್ತಿರ ಹೋಗಿ. ಬೆಳಿಗ್ಗೆ ಹತ್ತಕ್ಕೆ ಹೋಗಬೇಡಿ. ಮಧ್ಯಾಹ್ನ ಎರಡೂವರೆ ಆದ ಮೇಲೆ ಹೋಗಿ, ಊಟ ಆಗಿರುತ್ತದೆ, ಮಾತು ಕೇಳಿಸಿಕೊಳ್ತಾರೆ.

ಆಧಾರ್ ವಿಳಾಸದ ಪುರಾವೆ ಶೆಡ್ಡಿನಲ್ಲಿ ಇರುವವರಿಗೆ ಸಿಗಲ್ಲ. ಅದಕ್ಕೆ ಆಧಾರ್‌ನವರದೇ ಒಂದು ಸರ್ಟಿಫಿಕೇಟ್ ನಮೂನೆ ಇದೆ. ಶಾಸಕರು ಅಥವಾ ಗೆಜೆಟೆಡ್ ಅಧಿಕಾರಿ ಫೋಟೋ ಮೇಲೆ ಸಹಿ ಹಾಕಿದರೆ ನಡೆಯುತ್ತದೆ, ಮೂರು ತಿಂಗಳೊಳಗೆ ಬಳಸಬೇಕು. ಹೆಸರಿನ ಅಕ್ಷರ ರೇಷನ್ ಕಾರ್ಡಿನಲ್ಲಿ, ಆಧಾರಿನಲ್ಲಿ, ಪಾಸ್‌ಬುಕ್ಕಿನಲ್ಲಿ ಒಂದೇ ಥರ ಇದೆಯಾ ಅಂತ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಕ್ಕನ ಗೃಹಲಕ್ಷ್ಮಿ ದುಡ್ಡು ಏಳು ತಿಂಗಳು ನಿಂತಿದ್ದು ಹೆಸರಿನ ಒಂದು ದೀರ್ಘದಿಂದ.

ಅಸಂಘಟಿತ ಕಾರ್ಮಿಕರ ಹೆಸರು ಬರೆಸುವ ಇ-ಶ್ರಮ್ ನೋಂದಣಿ ಉಚಿತ, 16ರಿಂದ 59 ವರ್ಷದವರಿಗೆ. ರಾಜ್ಯದ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ ಯೋಜನೆಯ ಪಟ್ಟಿಯಲ್ಲಿ ಹಮಾಲರು, ಮನೆಗೆಲಸದವರ ಜೊತೆ ಚಿಂದಿ ಆಯುವವರೂ ಇದ್ದಾರೆ. ಕೆಲಸ ಯಾವುದು ಅನ್ನುವ ಕಡೆ ‘ಕೂಲಿ’ ಅಂತ ಬರೆಸಬೇಡಿ, ಚಿಂದಿ ಆಯುವವರು ಅಂತಲೇ ಬರೆಸಿ. ಬಂಗಾಳ, ಅಸ್ಸಾಂ ಕಡೆಯಿಂದ ಬಂದವರ ರೇಷನ್ ಕಾರ್ಡು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ನಡೆಯುತ್ತದೆ, ‘ಒಂದು ದೇಶ ಒಂದು ಪಡಿತರ’ದಡಿ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಈಗ ನನ್ನ ತಪ್ಪು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಅನ್ನುವ ಅಪಘಾತ ವಿಮೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಎರಡು ಲಕ್ಷ, 18ರಿಂದ 70 ವರ್ಷದವರಿಗೆ. ಅಕ್ಕನಿಗೆ ಮಾಡಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆ ಇಪ್ಪತ್ತು ರೂಪಾಯಿಯನ್ನು ಬ್ಯಾಂಕು ಮೇ ಕೊನೆಯ ವಾರದಲ್ಲಿ ತಾನೇ ಕಡಿದುಕೊಳ್ಳುತ್ತದೆ. ಎರಡನೇ ವರ್ಷ ಆ ವಾರ ಅಕ್ಕನ ಖಾತೆಯಲ್ಲಿ ಇದ್ದಿದ್ದು ಹನ್ನೊಂದು ರೂಪಾಯಿ. ವಿಮೆ ನಿಂತುಹೋಯಿತು, ನಮಗೆ ಗೊತ್ತಾಗಿದ್ದು ಆಗಸ್ಟಿನಲ್ಲಿ. ಆ ಮಧ್ಯೆ ಏನೂ ಆಗಲಿಲ್ಲ, ಅದೃಷ್ಟ. ಹಾಗೇ ಜನಧನ್ ಖಾತೆಯ ರುಪೇ ಕಾರ್ಡಿನ ಜೊತೆಗೂ ಅಪಘಾತ ವಿಮೆ ಬರುತ್ತದೆ. ಆದರೆ ಅಪಘಾತಕ್ಕೆ ಹಿಂದಿನ ತೊಂಬತ್ತು ದಿನದೊಳಗೆ ಕಾರ್ಡು ಒಮ್ಮೆಯಾದರೂ ಬಳಸಿರಬೇಕು. ಕಾರ್ಡನ್ನು ಟ್ರಂಕಿನಲ್ಲಿ ದೇವರ ಪಟದ ಜೊತೆ ಇಟ್ಟರೆ ಪ್ರಯೋಜನ ಇಲ್ಲ. ಎರಡು ತಿಂಗಳಿಗೊಮ್ಮೆ ನೂರು ರೂಪಾಯಿ ತೆಗೆಯಲು ಹೇಳಿ. ನಾಮಿನಿ ಹೆಸರು ಬರೆಸಿದ್ದಾರಾ ಅಂತಲೂ ನೋಡಿ.

ಮೈಗೆ ಹುಷಾರಿಲ್ಲದಾಗ, ಮಳೆ ಬಂದಾಗ

ನಾಯಿ ಕಚ್ಚುವುದು ಈ ಕೆಲಸದಲ್ಲಿ ತೀರಾ ಸಾಮಾನ್ಯ. ಅರಿಸಿನ, ಸುಣ್ಣ ಹಚ್ಚಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೊದಲ ಇಂಜೆಕ್ಷನ್ ಹಾಕಿಸಿಕೊಂಡು ಮಿಕ್ಕದ್ದನ್ನು ಬಿಡುವವರು ಜಾಸ್ತಿ, ಕೂಲಿ ಹೋಗುತ್ತದೆ ಅಂತ. ಆ ದಿನಗಳನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಬರೆದು, ಹಿಂದಿನ ದಿನ ನೆನಪಿಸಿ. ಸೂಜಿ ಚುಚ್ಚಿದರೂ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಟಿಟಿ, ಹೆಪಟೈಟಿಸ್ ಬಿ ಲಸಿಕೆ ಬಗ್ಗೆ ಮೊದಲೇ ಕೇಳಿಕೊಂಡರೆ ಇನ್ನೂ ಒಳ್ಳೆಯದು. ತಾಮ್ರಕ್ಕೋಸ್ಕರ ವೈರು ಸುಡುವ ಹುಡುಗರಿಗೆ ಬೈದರೆ ಕೇಳಲ್ಲ. ಸುಟ್ಟ ತಾಮ್ರಕ್ಕೆ ರೇಟು ಕಮ್ಮಿ, ಸುಲಿದ ತಾಮ್ರಕ್ಕೆ ಜಾಸ್ತಿ ಅಂತ ಹೇಳಿ, ಕೇಳ್ತಾರೆ.

ಅಕ್ಕ ಇರುವುದು ಖಾಲಿ ಸೈಟಿನಲ್ಲಿ, ನೀಲಿ ಟಾರ್ಪಾಲಿನ ಶೆಡ್ಡು. ಅದಕ್ಕೂ ಬಾಡಿಗೆ ಇದೆ. ನಾನು ಅವರ ಮನೆ ಸರಿ ಮಾಡಿಲ್ಲ, ನನ್ನ ಕೈಲಿ ಆಗುವ ಕೆಲಸವೂ ಅಲ್ಲ. ನಮ್ಮ ಬೀದಿಯ ಫರ್ನಿಚರ್ ಅಂಗಡಿಯಿಂದ ಮರದ ಪ್ಯಾಲೆಟ್ ಆರು ಸಿಕ್ಕವು. ಅದರ ಮೇಲೆ ಹಾಸಿಗೆ ಹಾಕಿದ್ದಾರೆ, ಮಳೆ ನೀರು ಕೆಳಗೆ ಹರಿದು ಹೋಗುತ್ತದೆ. ಒಂದು ಸೋಲಾರ್ ದೀಪ ಕೊಟ್ಟೆ. ದಾಖಲೆಗಳನ್ನೆಲ್ಲ ಮುಚ್ಚಳ ಬಿಗಿಯುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಒಂದು ಜೆರಾಕ್ಸ್ ಸೆಟ್ಟು ನಮ್ಮ ಮನೆಯಲ್ಲಿ ಇಟ್ಟಿದ್ದೇನೆ. ಶೆಡ್ಡು ಎತ್ತಿಸಲು ಯಾರಾದರೂ ಬಂದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ನಂಬರ್, ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಮಕ್ಕಳು ಚೀಲದ ಜೊತೆ ಬರುತ್ತಿದ್ದರೆ ಅಮ್ಮನಿಗೆ ಉಪದೇಶ ಮಾಡಬೇಡಿ. ಶೆಡ್ಡಿನಲ್ಲಿ ಬಿಟ್ಟು ಬರಲು ಯಾರೂ ಇಲ್ಲ ಅಂತ ಅರ್ಥ. ಚಿಕ್ಕವರಿಗೆ ಅಂಗನವಾಡಿ ಎಲ್ಲಿದೆ ಅಂತ ಹುಡುಕಿ ಕೊಡಿ. ದೊಡ್ಡವರಿಗೆ ಜನನ ಪತ್ರ, ಟಿಸಿ ಇಲ್ಲ ಅಂತ ಶಾಲೆಯವರು ವಾಪಸ್ ಕಳಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ಮೊದಲ ದಿನ ನೀವು ಜೊತೆಗೆ ಹೋಗಿ, ಸುಮ್ನೆ ಪಕ್ಕದಲ್ಲಿ ನಿಂತರೂ ಸಾಕು.

ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಮೇ 20ಕ್ಕೆ ಒಂದು ಕೆಂಪು ಚುಕ್ಕೆ ಬೀಳುತ್ತದೆ, ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇದೆಯಾ ನೋಡು ಅಂತ. ಹೋದ ವಾರ ಅಕ್ಕ ನೀರು ಕುಡಿಯಲು ಬಂದವರು ಅದನ್ನು ನೋಡಿದರು. ನಮ್ಮ ಕಡೆ ಇನ್ನೂ ನಾಲ್ಕು ಜನ ಇದ್ದಾರೆ, ಅವರದ್ದೂ ಬರ್ಕೊಳ್ಳಿ ಮೇಡಂ ಅಂದರು. ಚುಕ್ಕೆ ಪಕ್ಕ ಐದು ಅಂತ ಬರೆದಿದ್ದೇನೆ.